ಸೇತುವೆಯ ಅಳಿಲು ಅಟ್ಟಕ್ಕೆ ಬಂದಾಗ

ಪರಿಹಾರ ನಿಧಿಗೆ ನೂರು ರೂಪಾಯಿ ಕೊಟ್ಟವರೂ, ಊರ ಜಾತ್ರೆಗೆ ಒಂದು ಹೊರೆ ಸೌದೆ ಹೊತ್ತು ತಂದವರೂ ತಮ್ಮ ಕೆಲಸವನ್ನು 'ಅಳಿಲು ಸೇವೆ' ಎಂದೇ ಹೇಳಿಕೊಳ್ಳುತ್ತಾರೆ. ವಿನಯಕ್ಕೆ ಕನ್ನಡದಲ್ಲಿ ಇಷ್ಟು ಒದಗಿಬರುವ ಮಾತು ಇನ್ನೊಂದಿಲ್ಲ. ಆದರೆ ಅದೇ ಅಳಿಲು ತಾರಸಿಯ ಮೇಲೆ ಒಣಹಾಕಿದ ಕಡಲೆಕಾಯಿಗೆ ಬಾಯಿ ಹಾಕಿದ ದಿನ, ಅಟ್ಟದಲ್ಲಿಟ್ಟ ಹಾಸಿಗೆಯಿಂದ ಹತ್ತಿ ಕಿತ್ತ ದಿನ, ರಾಮಸೇವೆಯ ಕಥೆ ಮರೆತುಹೋಗುತ್ತದೆ. ಮೊದಲು ಕೋಲು, ಆಮೇಲೆ ಕಲ್ಲು, ಅದಕ್ಕೂ ಬಗ್ಗದಿದ್ದರೆ ಅಂಗಡಿಯಿಂದ ಇಲಿ ಪಾಷಾಣದ ಪೊಟ್ಟಣ ಮನೆಗೆ ಬರುತ್ತದೆ.

ಕೊಲ್ಲಲು ಮನಸ್ಸಿಲ್ಲ, ಬಿಡಲೂ ಆಗುತ್ತಿಲ್ಲ ಎಂಬ ಇಕ್ಕಟ್ಟು ಇಂದು ಹಳ್ಳಿಯ ಹೆಂಚಿನ ಮನೆಯಿಂದ ನಗರದ ನಾಲ್ಕನೇ ಮಹಡಿಯ ಫ್ಲ್ಯಾಟಿನವರೆಗೆ ಎಲ್ಲೆಡೆ ಇದೆ. ಅಳಿಲಿಗೆ ನೋವು ಮಾಡದೆ ಅದನ್ನು ಮನೆಯಿಂದ, ತೋಟದಿಂದ ದೂರ ಇಡುವ ದಾರಿಗಳು ಇಲ್ಲದಿಲ್ಲ. ಅವುಗಳಲ್ಲಿ ಹೆಚ್ಚಿನವು ಅಗ್ಗದವು. ಆದರೆ ಅಳಿಲು ಏಕೆ ಬರುತ್ತದೆ ಎಂಬುದು ತಿಳಿಯದೆ ಅವು ಫಲಿಸುವುದಿಲ್ಲ.

ಮೂರು ಗೆರೆ, ಮೂರು ಬೆರಳು

ಅಳಿಲಿಗೆ ಕನ್ನಡದಲ್ಲಿ ಇಣಚಿ ಎಂಬ ಹೆಸರೂ ಉಂಟು. ತುಳುವಿನಲ್ಲಿ ಅದು ಚಣಿಲ್, ತಮಿಳಿನಲ್ಲಿ ಅಣಿಲ್, ತೆಲುಗಿನಲ್ಲಿ ಉಡುತ. ಸೇತುವೆ ಕಟ್ಟುವಾಗ ಮರಳಲ್ಲಿ ಹೊರಳಿ, ಮೈಗಂಟಿದ ಮರಳನ್ನು ಕಲ್ಲುಗಳ ನಡುವೆ ಕೊಡವಿದ ಅಳಿಲಿನ ಬೆನ್ನನ್ನು ಶ್ರೀರಾಮ ಮೂರು ಬೆರಳಿನಿಂದ ಸವರಿದನೆಂದೂ, ಅದರ ಗುರುತೇ ಆ ಮೂರು ಗೆರೆಗಳೆಂದೂ ನಮ್ಮ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ.

ಕುತೂಹಲದ ಸಂಗತಿಯೆಂದರೆ ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗವಿಲ್ಲ. ಆಳ್ವಾರರಲ್ಲಿ ಒಬ್ಬರಾದ ತೊಂಡರಡಿಪ್ಪೊಡಿ ಆಳ್ವಾರರ 'ತಿರುಮಾಲೈ' ಎಂಬ ತಮಿಳು ಕೃತಿಯಲ್ಲಿ ಸೇತುವೆಗೆ ನೆರವಾದ ಅಳಿಲಿನ ಪ್ರಸ್ತಾಪ ಬರುತ್ತದೆ. ಕಪಿಗಳು ಬೆಟ್ಟವನ್ನೇ ನೂಕುತ್ತಿದ್ದಾಗ ನೀರಲ್ಲಿ ಮುಳುಗಿ ಮರಳಲ್ಲಿ ಹೊರಳಿ ಓಡಿದ ಆ ಪುಟ್ಟ ಜೀವಿಯಷ್ಟೂ ತಾನು ಸೇವೆ ಮಾಡಲಿಲ್ಲವಲ್ಲ ಎಂಬುದು ಅಲ್ಲಿ ಕವಿಯ ಕೊರಗು. ಉಳಿದದ್ದನ್ನು ಜನರ ಬಾಯಿ ಬೆಳೆಸಿದೆ.

ಕಥೆ ಬೆಳೆದ ಸೀಮೆಗೂ ಗೆರೆಗಳ ಲೆಕ್ಕಕ್ಕೂ ಹೊಂದಿಕೆ ಇದೆ. ದಕ್ಷಿಣ ಭಾರತದಲ್ಲಿ ಮನೆಗಳ ಸುತ್ತ ಕಾಣುವುದು ಮೂರು ಗೆರೆಯ ಅಳಿಲು. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಐದು ಗೆರೆಯದು. ಪಶ್ಚಿಮ ಘಟ್ಟದ ಕಾಡಿನಲ್ಲಿ ಇನ್ನೊಂದು ಗೆರೆಯ ಅಳಿಲಿದೆ. ಮರದಿಂದ ಮರಕ್ಕೆ ಹಾರುವ ದೊಡ್ಡ ಕೆಂದಳಿಲು ಬೇರೆಯೇ ಕುಲಕ್ಕೆ ಸೇರಿದ್ದು. ನಮ್ಮ ಜಗಳವಿರುವುದು ಮುಖ್ಯವಾಗಿ ಮೊದಲನೆಯದರ ಜೊತೆ.

ಹಗ್ಗದ ಮೇಲೆ ನಡೆಯುವವ

ಮೂರು ಗೆರೆಯ ಈ ಅಳಿಲನ್ನು 1766ರಲ್ಲಿ ವಿಜ್ಞಾನಕ್ಕೆ ವಿವರಿಸಿದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಇಂದು ಅದರ ಶಾಸ್ತ್ರೀಯ ಹೆಸರು ಫ್ಯುನಾಂಬ್ಯುಲಸ್ ಪಾಮಾರಮ್. ಫ್ಯುನಾಂಬ್ಯುಲಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಗ್ಗದ ಮೇಲೆ ನಡೆಯುವವ. ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ತಂತಿಯ ಮೇಲೆ ಅದು ಓಡುವುದನ್ನು ಕಂಡವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ.

ನೂರು ಗ್ರಾಂ ಆಸುಪಾಸಿನ ತೂಕ, ಮೈಯಷ್ಟೇ ಉದ್ದದ ಬಾಲ. ಹಣ್ಣು, ಕಾಯಿ, ಬೀಜ, ಚಿಗುರು ಅದರ ಮುಖ್ಯ ಆಹಾರ. ಹುಳುಹುಪ್ಪಟೆ ಸಿಕ್ಕರೆ ಬಿಡುವುದಿಲ್ಲ. ಕೆಲವೊಮ್ಮೆ ಹಕ್ಕಿಯ ಮೊಟ್ಟೆಯನ್ನೂ ಕದಿಯುತ್ತದೆ. ಸಿಲ್ವರ್ ಓಕ್ ಹೂ ಬಿಟ್ಟಾಗ ಮಕರಂದ ಹೀರಲು ಬಂದು ಮೂತಿಗೆ ಪರಾಗ ಮೆತ್ತಿಕೊಂಡು ಹೋಗುತ್ತದೆ. ಹಗಲೆಲ್ಲ ದುಡಿದು ಕತ್ತಲಾಗುತ್ತಲೇ ಗೂಡು ಸೇರುತ್ತದೆ. ಇಲ್ಲೊಂದು ಉಪಯುಕ್ತ ಸುಳಿವಿದೆ. ಅಟ್ಟದಲ್ಲಿ ರಾತ್ರಿ ಹೊತ್ತು ಸದ್ದಾಗುತ್ತಿದ್ದರೆ ಅದು ಅಳಿಲಲ್ಲ, ಇಲಿ. ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಸದ್ದಾದರೆ ಮಾತ್ರ ಅಳಿಲಿನ ಮೇಲೆ ಅನುಮಾನ ಪಡಬಹುದು.

ಇಲಿಯಂತೆಯೇ ಅಳಿಲೂ ದಂಶಕ. ಅದರ ಮುಂಬಾಚಿ ಹಲ್ಲುಗಳು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಏನನ್ನಾದರೂ ಕಡಿದು ಅವನ್ನು ಸವೆಸಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಮರದ ರೀಪು, ಪ್ಲಾಸ್ಟಿಕ್ ಪೈಪು, ವಿದ್ಯುತ್ ತಂತಿಯ ಹೊದಿಕೆ ಯಾವುದಾದರೂ ಆದೀತು. ಅಮೆರಿಕದ ನಾಸ್ಡಾಕ್ ಷೇರು ವಿನಿಮಯ ಕೇಂದ್ರದ ವಹಿವಾಟು 1987ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ನಿಂತುಹೋದದ್ದು ವಿದ್ಯುತ್ ಮಾರ್ಗಕ್ಕೆ ಸಿಕ್ಕ ಅಳಿಲಿನಿಂದ. ಅಲ್ಲಿನ ಅಳಿಲು ಬೇರೆ ಜಾತಿಯದಾದರೂ ಹಲ್ಲಿನ ಸ್ವಭಾವ ಒಂದೇ.

ಒಟ್ಟಿನಲ್ಲಿ ಅಳಿಲು ನಮ್ಮ ಮನೆಗೆ ಬರುವುದು ಮೂರು ಕಾರಣಕ್ಕೆ: ತಿನ್ನಲು, ಗೂಡಿಗೆ ನಾರು-ಹತ್ತಿ ಒಯ್ಯಲು, ಮರಿ ಹಾಕಲು ಮರೆ ಹುಡುಕಲು. ಪೊಟರೆಯಿರುವ ಹಳೆಯ ಮರಗಳು ಕಡಿಮೆಯಾದ ಬೀದಿಗಳಲ್ಲಿ ಈ ಮೂರನೆಯ ಕಾರಣಕ್ಕೆ ಅದು ಕಿಟಕಿಯ ಸಜ್ಜಾ, ಹೆಂಚಿನ ಸಂದು, ಎ.ಸಿ. ಪೈಪಿನ ತೂತುಗಳನ್ನು ಆರಿಸಿಕೊಂಡಿದೆ. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮಾಡಬಾರದ ಕೆಲಸಗಳು

ಮೊದಲಿಗೆ ಪಾಷಾಣದ ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ಇಲಿ ಮದ್ದುಗಳಲ್ಲಿ ಬ್ರೋಮಾಡಿಯೊಲೋನ್ ಎಂಬುದು ರಕ್ತ ಹೆಪ್ಪುಗಟ್ಟದಂತೆ ಮಾಡಿ, ಒಳಗೊಳಗೇ ರಕ್ತ ಸುರಿಸಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ. ತಿಂದ ಅಳಿಲು ಅಲ್ಲೇ ಸಾಯುವುದಿಲ್ಲ. ನಿತ್ರಾಣವಾಗಿ ಸುಳಿದಾಡುವ ಅದನ್ನು ಬೆಕ್ಕೋ ಗೂಬೆಯೋ ಹಿಡಿದರೆ ವಿಷ ಅವಕ್ಕೂ ದಾಟಬಹುದು. ಗೋಡೆಯ ಸಂದಿನಲ್ಲಿ ಸತ್ತರೆ ವಾರಗಟ್ಟಲೆ ನಾತ. ಅಂಗಳದಲ್ಲಿ ಆಡುವ ಮಗು ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡರೆ ಆಗುವ ಅನಾಹುತ ಹೇಳಬೇಕಾಗಿಲ್ಲ.

ಅಂಟಿನ ಹಲಗೆ ಇದಕ್ಕಿಂತ ಕ್ರೂರ. ಅದಕ್ಕೆ ಸಿಕ್ಕ ಪ್ರಾಣಿ ತುಪ್ಪಳ, ಚರ್ಮ ಕಿತ್ತುಕೊಂಡು ಹೊರಳಾಡಿ, ಹಸಿವು ಬಾಯಾರಿಕೆಗಳಿಂದ ಸಾಯುತ್ತದೆ. ಗುಬ್ಬಿ, ಹಲ್ಲಿಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಇದರ ಬಳಕೆಗೆ ತಡೆ ಹಾಕುವಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಸೂಚಿಸಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯೂ 'ಪ್ರಾಣಿ'ಯೇ. ಹಸು, ನಾಯಿಗಳಿಗಷ್ಟೇ ಆ ಕಾಯ್ದೆ ಎಂದು ತಿಳಿದವರು ಬಹಳ. ಅದು ಸರಿಯಲ್ಲ.

ನುಸಿಗುಳಿಗೆ ಚೆಲ್ಲುವುದು ಇನ್ನೊಂದು ರೂಢಿ. ಗಾಳಿಯಾಡುವ ಅಟ್ಟದಲ್ಲಿ ಅದರ ವಾಸನೆ ಅಳಿಲನ್ನು ತಡೆಯುವಷ್ಟು ನಿಲ್ಲುವುದಿಲ್ಲ. ನಿಲ್ಲುವಷ್ಟು ಹಾಕಿದರೆ ಮನೆಯವರಿಗೇ ಕೆಡುಕು. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳ ಮೇಲೂ ಹೆಚ್ಚು ಭರವಸೆ ಇಡುವಂತಿಲ್ಲ. ಆ ಶಬ್ದ ಗೋಡೆ ದಾಟುವುದಿಲ್ಲ, ಪ್ರಾಣಿಗಳೂ ಕೆಲವೇ ದಿನಗಳಲ್ಲಿ ಅದಕ್ಕೆ ಹೊಂದಿಕೊಳ್ಳುತ್ತವೆ.

ಬೋನಿನಲ್ಲಿ ಹಿಡಿದು ದೂರದ ತೋಪಿಗೆ ಬಿಟ್ಟು ಬರುವುದು ಮೇಲ್ನೋಟಕ್ಕೆ ದಯೆಯ ಕೆಲಸವೇ. ಆದರೆ ಅಲ್ಲಿ ಗೂಡಿಲ್ಲ, ಆಹಾರದ ಗುರುತಿಲ್ಲ. ಮೊದಲೇ ನೆಲೆಸಿದ ಅಳಿಲುಗಳು ಹೊಸಬರನ್ನು ಸೇರಿಸುವುದಿಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಊರಿನಿಂದ ಹಿಡಿದು ಕಾಡಿಗೆ ಬಿಟ್ಟ 38 ಬೂದು ಅಳಿಲುಗಳ ಜಾಡು ಹಿಡಿದು ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇ 97ರಷ್ಟು ಸತ್ತವು, ಇಲ್ಲವೇ ಬಿಟ್ಟ ಜಾಗದಿಂದ ಮಾಯವಾದವು. ಇತ್ತ ಖಾಲಿಯಾದ ಜಾಗಕ್ಕೆ ಪಕ್ಕದ ಮರದ ಅಳಿಲು ಬರುತ್ತದೆ. ಹಿಡಿದದ್ದು ತಾಯಿಯಾಗಿದ್ದರೆ ಗೂಡಿನಲ್ಲಿ ಉಳಿದ ಮರಿಗಳ ಗತಿ ಏನು ಎಂಬುದನ್ನೂ ಯೋಚಿಸಬೇಕು.

ಅಟ್ಟ ತೆರವು ಮಾಡಿಸುವ ಬಗೆ

ಅಳಿಲು ಒಮ್ಮೆಗೆ ಎರಡು ಮೂರು ಮರಿ ಹಾಕುತ್ತದೆ. ಹುಟ್ಟಿದಾಗ ಅವಕ್ಕೆ ಕಣ್ಣಿಲ್ಲ, ಮೈಮೇಲೆ ಕೂದಲಿಲ್ಲ. ಗೂಡು ಬಿಟ್ಟು ತಮ್ಮ ಪಾಡು ನೋಡಿಕೊಳ್ಳಲು ಎರಡರಿಂದ ಎರಡೂವರೆ ತಿಂಗಳು ಹಿಡಿಯುತ್ತದೆ. ಆದುದರಿಂದ ತೂತು ಮುಚ್ಚುವ ಮೊದಲು ಒಳಗೆ ಮರಿ ಇದೆಯೇ ಎಂದು ನೋಡುವುದು ಮೊದಲ ನಿಯಮ. ತಾಯಿ ಬಾಯಲ್ಲಿ ನಾರು, ಬಟ್ಟೆಯ ಚೂರು ಕಚ್ಚಿಕೊಂಡು ಪದೇ ಪದೇ ಒಂದೇ ಸಂದಿಗೆ ನುಗ್ಗುತ್ತಿದ್ದರೆ, ಒಳಗಿನಿಂದ ಸಣ್ಣಗೆ ಕೀಚಲು ಸದ್ದು ಕೇಳಿದರೆ ಬಾಣಂತನ ನಡೆದಿದೆ ಎಂದೇ ತಿಳಿಯಬೇಕು. ಆಗ ಮುಚ್ಚಿದರೆ ಹೊರಗುಳಿದ ತಾಯಿ ಮರಕ್ಕೆ, ಹೆಂಚಿಗೆ, ತಂತಿಗೆ ಹಲ್ಲು ಹಾಕಿ ಒಳನುಗ್ಗಲು ನೋಡುತ್ತದೆ. ಒಳಗುಳಿದ ಮರಿಗಳು ಹಸಿದು ಸಾಯುತ್ತವೆ. ಕೆಲವು ವಾರ ತಾಳಿಕೊಂಡರೆ ಎರಡೂ ತಪ್ಪುತ್ತದೆ.

ಮರಿಗಳು ಹೊರಟುಹೋದ ಮೇಲೆ ಹಳೆಯ ದಿನಪತ್ರಿಕೆಯನ್ನು ಮುದ್ದೆ ಮಾಡಿ ಆ ತೂತಿಗೆ ಸಡಿಲವಾಗಿ ತುರುಕಿ. ಎರಡು ಮೂರು ದಿನ ಅದು ಅಲುಗದೆ ಇದ್ದರೆ ಗೂಡು ಖಾಲಿ ಎಂದರ್ಥ. ಕಾಗದ ಕಿತ್ತು ಬಿದ್ದಿದ್ದರೆ ಇನ್ನೂ ಓಡಾಟವಿದೆ. ಆಗ ತೂತಿನ ಹೊರಬದಿಗೆ, ಮೇಲಂಚಿನಲ್ಲಿ ಮಾತ್ರ ಬಿಗಿದ, ಹೊರಕ್ಕಷ್ಟೇ ತೆರೆದುಕೊಳ್ಳುವ ತಗಡಿನ ಸಣ್ಣ ಬಾಗಿಲು ತೂಗುಬಿಡಬಹುದು. ಒಳಗಿನ ಅಳಿಲು ತಳ್ಳಿಕೊಂಡು ಹೊರಬರುತ್ತದೆ, ಒಳಕ್ಕೆ ಹೋಗಲು ದಾರಿಯಿರುವುದಿಲ್ಲ. ದೊಡ್ಡ ಅಳಿಲುಗಳಷ್ಟೇ ಇರುವಾಗ ಇದು ಸರಿ. ಮರಿ ಇರುವಾಗ ಖಂಡಿತ ಕೂಡದು.

ಕೊನೆಗೆ ಮುಚ್ಚುವ ಕೆಲಸ. ಪ್ಲಾಸ್ಟಿಕ್ ಬಲೆ, ಥರ್ಮೊಕೋಲು, ಬಟ್ಟೆಯ ಉಂಡೆ ಅದರ ಹಲ್ಲಿನ ಮುಂದೆ ನಿಲ್ಲುವುದಿಲ್ಲ. ಅರ್ಧ ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಜಿ.ಐ. ಜಾಲರಿ, ತಗಡು, ಸಿಮೆಂಟ್ ಗಾರೆ ಇವೇ ಸರಿ. ಹೆಂಚಿನ ಮನೆಯಲ್ಲಿ ಸೂರಿನಂಚಿನ ಸಂದು, ಗವಾಕ್ಷಿ, ಒಡೆದ ಹೆಂಚು. ತಾರಸಿ ಮನೆಯಲ್ಲಿ ವೆಂಟಿಲೇಟರು, ಎಕ್ಸಾಸ್ಟ್ ಫ್ಯಾನಿನ ಕಂಡಿ, ಪೈಪು ಒಳಬರುವ ತೂತು, ಇಷ್ಟನ್ನು ಒಂದು ಸುತ್ತು ನೋಡಿಬಂದರೆ ಸಾಕು. ಸೂರಿಗೆ ತಾಗುವ ಕೊಂಬೆಗಳನ್ನು ಆರೇಳು ಅಡಿ ದೂರವಾಗುವಂತೆ ಸವರಬೇಕು. ಆದರೆ ಆ ಕೊಂಬೆಯಲ್ಲಿ ಗೂಡಿದೆಯೇ ಎಂದು ಮೊದಲು ನೋಡಿ.

ತಾರಸಿ, ಕುಂಡ, ಹಣ್ಣಿನ ಮರ

ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸುವಾಗ ಕೋಲು ಹಿಡಿದು ಕಾಯುವ ಕೆಲಸ ಮನೆಯ ಅಜ್ಜಿಯದೋ ರಜೆಗೆ ಬಂದ ಮಕ್ಕಳದೋ ಆಗಿತ್ತು. ಇಂದು ಕಾಯುವವರಿಲ್ಲ, ಒಣಹಾಕುವುದು ಮಾತ್ರ ನಿಂತಿಲ್ಲ. ಚೌಕಟ್ಟಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದು ಮುಚ್ಚಳದಂತೆ ಮಾಡಿಸಿಕೊಂಡರೆ ಬಿಸಿಲೂ ಬೀಳುತ್ತದೆ, ಕಡಲೆಕಾಯಿಯೂ ಉಳಿಯುತ್ತದೆ. ಹಕ್ಕಿಗೆಂದು ಕಾಳು ಚೆಲ್ಲುವವರು ಸಂಜೆ ಉಳಿಕೆಯನ್ನು ಗುಡಿಸಿ ತೆಗೆಯಬೇಕು. ಬಾಲ್ಕನಿಯಲ್ಲಿ ಹಳೆ ಕಸಬರಿಕೆ, ನೆಲ ಒರೆಸುವ ದಾರದ ಕುಚ್ಚು, ತೆಂಗಿನ ನಾರಿನ ಚಾಪೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅದು ಅಳಿಲಿಗೆ ಗೂಡಿನ ಸಾಮಾನಿನ ಅಂಗಡಿ.

ಕುಂಡದಲ್ಲಿ ಬಿತ್ತಿದ ಅವರೆ, ಹುರುಳಿಕಾಯಿ ಬೀಜವನ್ನು ಅಳಿಲು ಕೆದಕಿ ತೆಗೆಯುವುದುಂಟು. ಮೊಳಕೆ ಗಟ್ಟಿಯಾಗುವವರೆಗೆ ಮಣ್ಣಿನ ಮೇಲೆ ಜಾಲರಿಯ ತುಂಡು ಹಾಸಿ, ಇಲ್ಲವೇ ಕಾಗದದ ಹೂವಿನ ಗಿಡದ ಮುಳ್ಳು ಕಡ್ಡಿಗಳನ್ನು ಹರಡಿ.

ಖಾರದ ಉಪಾಯಕ್ಕೆ ವಿಜ್ಞಾನದ ಬೆಂಬಲವಿದೆ. ಮೆಣಸಿನಕಾಯಿಯ ಖಾರ ಸಸ್ತನಿಗಳ ನಾಲಗೆಯನ್ನು ಸುಡುತ್ತದೆ, ಹಕ್ಕಿಗಳಿಗೆ ಗೊತ್ತಾಗುವುದೇ ಇಲ್ಲ. ಹಸಿಮೆಣಸು, ಬೆಳ್ಳುಳ್ಳಿ ಅರೆದು ಸೋಸಿದ ನೀರನ್ನು ತೆಳುವಾಗಿ ಎಲೆ, ಕುಂಡದ ಅಂಚಿಗೆ ಸಿಂಪಡಿಸಬಹುದು. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು. ಒಣ ಖಾರದ ಪುಡಿ ಎರಚುವುದು ಬೇಡ. ಅದು ಕಣ್ಣಿಗೆ ಬಿದ್ದರೆ ಅಳಿಲಿಗೂ ನರಕ, ಗಾಳಿ ತಿರುಗಿದರೆ ನಮಗೂ.

ಸಪೋಟ, ಸೀಬೆ, ದಾಳಿಂಬೆ, ಸೀತಾಫಲಗಳಿಗೆ ಕಾಯಿ ಬಲಿಯುವ ಹೊತ್ತಿಗೆ ಬಟ್ಟೆಯ ಚೀಲ ಕಟ್ಟುವುದು ಹಳೆಯ, ಪರೀಕ್ಷಿತ ದಾರಿ. ಹಳೆ ಸೀರೆಯ ದಪ್ಪ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿದರೆ ಸಾಕು. ಇಡೀ ಮರಕ್ಕೆ ನೈಲಾನ್ ಬಲೆಯನ್ನು ಸಡಿಲವಾಗಿ ಹೊದಿಸುವುದು ಅಪಾಯ. ಹಕ್ಕಿ, ಹಾವುಗಳು ಸಿಕ್ಕಿಕೊಂಡು ಸಾಯುತ್ತವೆ. ಒಂಟಿಯಾಗಿ ನಿಂತ ತೆಂಗಿನ ಮರಕ್ಕೆ ಆಳೆತ್ತರಕ್ಕಿಂತ ಮೇಲೆ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿದರೆ ಇಲಿ, ಅಳಿಲುಗಳ ಉಗುರು ಜಾರುತ್ತದೆ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಇದರಿಂದ ಪ್ರಯೋಜನವಿಲ್ಲ.

ಕೊಕ್ಕೋ ತೋಟದ ಲೆಕ್ಕ

ಮನೆಯವರಿಗೆ ಅಳಿಲು ಕಿರಿಕಿರಿ. ದಕ್ಷಿಣ ಕನ್ನಡದ ಕೊಕ್ಕೋ ಬೆಳೆಗಾರರಿಗೆ ಅದು ನಷ್ಟ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಆರಂಭಿಸಿದ ಮೇಲೆ ಅಡಿಕೆ ತೋಟದ ನೆರಳಿನ ಕೊಕ್ಕೋಗೆ ಮನೆಬಾಗಿಲಲ್ಲೇ ಮಾರುಕಟ್ಟೆ ಸಿಕ್ಕಿತು. ಹಣ್ಣಾದ ಕೊಕ್ಕೋ ಕಾಯಿಯನ್ನು ಮೊದಲು ಮೂಸುವುದು ಅಳಿಲು. ಇಲಿ ಸಾಮಾನ್ಯವಾಗಿ ತೊಟ್ಟಿನ ಬಳಿ ಕೊರೆದರೆ ಅಳಿಲು ನಡುಭಾಗದಲ್ಲಿ ಕೊರೆಯುತ್ತದೆ. ಯಾವುದರ ಕೆಲಸ ಎಂದು ಗುರುತಿಸಲು ಇದು ನೆರವಾಗುತ್ತದೆ.

ಅಳಿಲಿಗೆ ಬೇಕಾದದ್ದು ಬೀಜವಲ್ಲ, ಬೀಜದ ಸುತ್ತಲಿನ ಸಿಹಿ ಲೋಳೆ. ಕಹಿ ಬೀಜವನ್ನು ಅದು ಉಗುಳಿಬಿಡುತ್ತದೆ. ಕೊಕ್ಕೋದ ತವರಾದ ದಕ್ಷಿಣ ಅಮೆರಿಕದ ಕಾಡಿನಲ್ಲಿ ಮಂಗ, ಅಳಿಲುಗಳು ಹೀಗೆ ಉಗುಳಿದ ಬೀಜದಿಂದಲೇ ಆ ಗಿಡ ಹರಡಿದೆ. ತಾನೇ ಒಡೆದು ಬೀಳದ ಆ ಕಾಯಿ ಯಾರಾದರೂ ಬಂದು ಕೊರೆಯಲಿ ಎಂದು ಕಾಯುವಂತೆ ರೂಪುಗೊಂಡಿದೆ. ಸಾವಿರಾರು ಮೈಲಿ ದೂರದ ನಮ್ಮ ತೋಟದಲ್ಲಿ ನಮ್ಮ ಅಳಿಲು ಅದೇ ಕೆಲಸ ಮಾಡುತ್ತಿದೆ.

ಇದು ತಿಳಿದರೆ ಪರಿಹಾರವೂ ಅಲ್ಲೇ ಇದೆ. ಅಳಿಲು ಮುಟ್ಟುವುದು ಹೆಚ್ಚಾಗಿ ಹಣ್ಣಾದ ಕಾಯಿಯನ್ನು. ಬಣ್ಣ ತಿರುಗಿದ ಕಾಯಿಗಳನ್ನು ಹತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಯ್ದರೆ ಹಾನಿ ತಾನಾಗಿ ಇಳಿಯುತ್ತದೆ. ಸಣ್ಣ ತೂತುಗಳಿರುವ ಪಾಲಿಥೀನ್ ಚೀಲಕ್ಕೆ ಟಾರು-ಸೀಮೆಎಣ್ಣೆ ಮಿಶ್ರಣ ಬಳಿದು ಕಾಯಿಗೆ ತೊಡಿಸುವುದು ಕೃಷಿ ತಜ್ಞರು ಹೇಳುವ ಇನ್ನೊಂದು ದಾರಿ. ಕೂಲಿಯಾಳು ಸಿಗದ ಈ ದಿನಗಳಲ್ಲಿ ಕೊಯ್ಲು ತಡವಾಗುವುದು ನಿಜವಾದ ತೊಂದರೆ. ಆದರೆ ಕೋವಿಯಿಂದಲೋ ವಿಷದಿಂದಲೋ ಹತ್ತು ಅಳಿಲು ಕೊಂದರೂ ಮರದಲ್ಲಿ ಹಣ್ಣು ತೂಗುತ್ತಿರುವವರೆಗೆ ಹನ್ನೊಂದನೆಯದು ಬರುತ್ತದೆ. ಘಟ್ಟದಂಚಿನ ತೋಟಗಳಿಗೆ ಇಳಿಯುವ ಕೆಂದಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ.

ಮರಿ ಬಿದ್ದರೆ

ಕೊಂಬೆ ಕಡಿದಾಗ, ಗಾಳಿ ಬೀಸಿದಾಗ ಮರಿ ನೆಲಕ್ಕೆ ಬೀಳುವುದುಂಟು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ತಪ್ಪು. ಮೆತ್ತನೆ ಬಟ್ಟೆ ಹಾಸಿದ ರಟ್ಟಿನ ಡಬ್ಬದಲ್ಲಿ ಮರಿಯನ್ನಿಟ್ಟು ಅದೇ ಮರದ ಬುಡದಲ್ಲೋ ಸಜ್ಜಾದ ಮೇಲೋ ಇಟ್ಟು, ಬೆಕ್ಕು ಕಾಗೆ ಬಾರದಂತೆ ದೂರದಿಂದ ಗಮನಿಸಿ. ಹಗಲಾದರೆ ತಾಯಿ ಬಂದು ಬಾಯಲ್ಲಿ ಕಚ್ಚಿ ಒಯ್ಯುವ ಸಂಭವವೇ ಹೆಚ್ಚು. ಸಂಜೆಯವರೆಗೂ ಬಾರದಿದ್ದರೆ ಬೆಚ್ಚಗಿಟ್ಟು ವನ್ಯಜೀವಿ ರಕ್ಷಣಾ ಕೇಂದ್ರವನ್ನೋ ಪಶುವೈದ್ಯರನ್ನೋ ಸಂಪರ್ಕಿಸಬೇಕು. ಹಸುವಿನ ಹಾಲು ಅದಕ್ಕೆ ಒಗ್ಗುವುದಿಲ್ಲ. ಅಳಿಲು ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಅಂಗಳದಲ್ಲಿ ಅಳಿಲು ಇದ್ದೇ ಇರುತ್ತದೆ. ಇರಬೇಕಾದದ್ದೂ ಹೌದು. ಅದು ಬೀಜ ಒಯ್ದು ಬೀಳಿಸುತ್ತದೆ, ಹೂವಿಂದ ಹೂವಿಗೆ ಪರಾಗ ದಾಟಿಸುತ್ತದೆ. ಹಾವು, ಗಿಡುಗಗಳಿಗೆ ಅದೇ ಆಹಾರ. ಬೆಕ್ಕು ಹೊಂಚಿದಾಗ ಮರದ ಮೇಲಿಂದ ಬಾಲ ಕುಣಿಸಿ ಎಡೆಬಿಡದೆ ಕೂಗಿ ಸುತ್ತಲಿನ ಹಕ್ಕಿಗಳಿಗೂ ಸುದ್ದಿ ಮುಟ್ಟಿಸುತ್ತದೆ. ಹಣ್ಣಿನ ಮರದ ತುದಿಯಲ್ಲಿ, ಕೈಗೆಟುಕದ ನಾಲ್ಕು ಹಣ್ಣನ್ನು ಚೀಲ ಕಟ್ಟದೆ ಬಿಡುವುದು, ಗೋಡೆಯ ಮೇಲೊಂದು ಬೋಗುಣಿಯಲ್ಲಿ ನೀರಿಡುವುದು ನಮ್ಮಿಂದಾಗದ ಕೆಲಸವೇನಲ್ಲ. ಅಟ್ಟದ ತೂತಿಗೆ ಜಾಲರಿ ಹೊಡೆಯುವ ಮುನ್ನ ಒಳಗೊಮ್ಮೆ ಟಾರ್ಚ್ ಹಾಕಿ ನೋಡಿ. ಮರಿಗಳಿದ್ದರೆ ಮೇಸ್ತ್ರಿಗೆ ಎರಡು ತಿಂಗಳು ಬಿಟ್ಟು ಬರಲು ಹೇಳಿ.